ಗ್ರಹಣ ಮುಟ್ಟಿದ ನೀರು

ಮತ್ತಿಕೆರೆಯ ಆ ಬಾಡಿಗೆ ಮನೆ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ತಂಗಿ ಹೆತ್ತು, ಆಸ್ಪತ್ರೆಯಿಂದ ಆಗಷ್ಟೇ ನಮ್ಮ ಮನೆಗೆ ಬಂದಿದ್ದಳು. ಅಮ್ಮ ಇಲ್ಲದ್ದರಿಂದ ಬಾಣಂತನವೆಲ್ಲ ನನ್ನದೇ. ಮರುದಿನ ಬೆಳಗ್ಗೆ ಸೂರ್ಯಗ್ರಹಣ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗ್ರಹಣವೆಂದರೆ ನನಗೆ ಹಬ್ಬ. ಗೇಟಿನ ಬಳಿಯ ಹೊಂಗೆ ಮರದಡಿ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಅದನ್ನು ನೋಡಿ ಖುಷಿಯಿಂದ ಒಳಗೆ ಬಂದರೆ ತಂಗಿಯ ಮುಖ ಸಣ್ಣಗಾಗಿತ್ತು.

"ಅಕ್ಕಾ, ಪಾಪುಗೆ ಏನೂ ಆಗಲ್ವಾ?"

"ಸೂರ್ಯಂಗೂ ನಮಗೂ ನಡುವೆ ಚಂದ್ರ ಬರ್ತಾನೆ, ಅವನ ನೆರಳು ಭೂಮಿ ಮೇಲೆ ಹಾದು ಹೋಗುತ್ತೆ. ಅಷ್ಟೇ ಕಣೇ. ನೆರಳು ಯಾರನ್ನೂ ಕಚ್ಚಲ್ಲ" ಅಂದೆ. ಅವಳು ಸಮಾಧಾನವಾಗಿ ಮಗುವಿಗೆ ಹಾಲೂಡಿಸಿದಳು.

ಗ್ರಹಣ ಬಿಟ್ಟಿತು. ಬಾಣಂತಿಗೆ ನೀರು ಕಾಯಿಸೋಣವೆಂದು ನಲ್ಲಿ ತಿರುಗಿಸಿದರೆ ಉಸ್ಸೆಂದು ಗಾಳಿ ಬಂತು. ಹೊರಗೆ ನೋಡಿದರೆ ಮೋರಿಯಲ್ಲಿ ಒಳ್ಳೆಯ ನೀರು ದಬದಬ ಹರಿಯುತ್ತಿತ್ತು. ಮಹಡಿಗೆ ಓಡಿದೆ. ಮನೆಯ ಓನರ್ ಆಂಟಿ ಟ್ಯಾಂಕಿನ ವಾಲ್ವ್ ಬಿಚ್ಚಿ, ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದರು.

"ಗ್ರಹಣ ಮುಟ್ಟಿದ ನೀರು ಕಣಮ್ಮಾ, ಇಟ್ಕೋಬಾರ್ದು. ಅದರಲ್ಲೂ ಮನೇಲಿ ಬಾಣಂತಿ ಇದಾಳೆ. ನಿಮ್ಮ ಒಳ್ಳೇದಕ್ಕೇ ಚೆಲ್ತಿರೋದು. ಸಂಪೂ ಖಾಲಿ ಮಾಡ್ಸಿದೀನಿ."

"ಕಾವೇರಿ ನೀರು ನಿನ್ನೆ ತಾನೇ ಬಂದು ಹೋಯ್ತಲ್ಲ ಆಂಟಿ! ಇನ್ನು ಯಾವತ್ತು ಬಿಡ್ತಾರೋ!"

"ಟ್ಯಾಂಕರ್‌ಗೆ ಹೇಳಿದೀನಿ ಬಿಡಮ್ಮ. ಯಾಕೆ ಹಾರಾಡ್ತೀಯಾ?"

ಹಾರಾಡದೆ ಇನ್ನೇನು ಮಾಡಲಿ? ಬಿರು ಬೇಸಿಗೆಯಲ್ಲಿ ಖಾಲಿ ಕೊಡ ಹಿಡಿದು ಬೀದಿ ಬೀದಿ ಅಲೆಯುವ ಊರು ಇದು. ಟ್ಯಾಂಕರ್ ಬರುವ ಹೊತ್ತಿಗೆ ಸಂಜೆಯಾಗಿತ್ತು. ಅಲ್ಲಿಯವರೆಗೆ ಹಸಿ ಗಾಯದ, ಹೊಲಿಗೆ ಬಿದ್ದ ಮೈ ಹೊತ್ತು ತಂಗಿ ಸರಿಯಾಗಿ ತೊಳೆದುಕೊಳ್ಳಲೂ ನೀರಿಲ್ಲದೆ ಕೂತಿದ್ದಳು. ಕುಡಿಯುವ ಕ್ಯಾನಿನಲ್ಲಿ ತಳ ಕಂಡಿದ್ದ ನೀರಿನಲ್ಲೇ ಮಗುವಿನ ಕುಂಡಿ ಒರೆಸಿದೆ. ಒದ್ದೆ ಬಟ್ಟೆಗಳು ಬಚ್ಚಲಲ್ಲಿ ರಾಶಿ ಬಿದ್ದು ನಾರುತ್ತಿದ್ದವು.

"ನಾನಿಲ್ಲಿಗೆ ಬರದೆ ಇದ್ದಿದ್ರೆ ನೀರು ಚೆಲ್ತಿರಲಿಲ್ವೇನೋ ಅಕ್ಕಾ" ಎಂದು ತಂಗಿ ಅಳತೊಡಗಿದಳು. ನನ್ನ ಪಿತ್ತ ನೆತ್ತಿಗೇರಿದ್ದು ಆಗ. ಚಂದ್ರ ತನ್ನ ಪಾಡಿಗೆ ತಾನು ಭೂಮಿಯನ್ನು ಸುತ್ತುತ್ತಾ ಅಡ್ಡ ಬಂದರೆ, ಅದರ ತಪ್ಪನ್ನು ನಿನ್ನೆ ಮೊನ್ನೆ ಹೆತ್ತ ಹೆಣ್ಣು ತಲೆಗೆ ಕಟ್ಟಿಕೊಳ್ಳಬೇಕೇ?

ಕೊನೆಗೂ ಟ್ಯಾಂಕರ್ ಬಂತು. ಡ್ರೈವರ್ ಪೈಪನ್ನು ಸಂಪಿಗೆ ಇಳಿಸುತ್ತಿದ್ದ. ಯಾವಾಗ ತುಂಬಿಸಿದ್ದೆಂದು ಕೇಳಿದೆ.

"ಬೆಳಗ್ಗೇನೇ ಅಕ್ಕಾ, ಗ್ರಹಣ ಹಿಡಿಯೋಕ್ ಮುಂಚೆ. ಗ್ರಹಣ ಬಿಟ್ಮೇಲೆ ಫೋನ್ ಮೇಲೆ ಫೋನ್ ಬರುತ್ತೆ ಅಂತ ಗೊತ್ತಿತ್ತು. ತುಂಬಿಸ್ಕೊಂಡು ಯಶವಂತಪುರದ ಹತ್ರ ಗಾಡಿ ನಿಲ್ಸಿದ್ದೆ. ಹೊರಡೋ ಹೊತ್ಗೆ ಗಾಡಿ ಕೆಟ್ಟೋಯ್ತು, ಈಗ ರಿಪೇರಿ ಆಯ್ತು."

"ಅಂದ್ರೆ ಈ ನೀರೂ ಗ್ರಹಣದಲ್ಲೇ ನಿಂತಿತ್ತಲ್ಲ! ಕೇಳಿಸ್ತಾ ಆಂಟಿ?" ಎಂದು ಕೂಗಿದೆ. ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು.

ಆಂಟಿ ಒಳಗೆ ಹೋಗಿ ಎರಡು ದರ್ಭೆ ತಂದು ಸಂಪಿನೊಳಗೆ ಹಾಕಿದರು. "ತಗೋ, ಸರಿಹೋಯ್ತು. ದರ್ಭೆ ಬಿದ್ರೆ ದೋಷ ಇಲ್ಲ."

"ಬೆಳಗ್ಗೆ ಇದು ಎಲ್ಲಿತ್ತು ಆಂಟಿ?"

"ಎಲ್ಲಿರುತ್ತೆ? ನಮ್ಮನೆ ಹಾಲಿನ ಮೇಲೆ, ದೋಸೆ ಹಿಟ್ಟಿನ ಮೇಲೆ ಇಟ್ಟಿದ್ದೆ" ಅಂದರು, ಏನೂ ಆಗಿಲ್ಲವೆಂಬಂತೆ. "ಅಷ್ಟೊಂದು ಹಿಟ್ಟು ಚೆಲ್ಲಕ್ಕಾಗುತ್ತಾ?"