ದ್ಯಾವಮ್ಮನ ರಕ್ತದ ವರದಿ

ಕೋಲಸಿರ್ಸಿಯ ನಮ್ಮ ಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಬಿಸಿಯೂಟ ಬೇಯಿಸುತ್ತಿರುವವರು ದ್ಯಾವಮ್ಮ. ಯಾವ ಮಗುವಿಗೆ ಬದನೆಕಾಯಿ ಸೇರದು, ಯಾರು ಎರಡನೇ ಸಲ ಅನ್ನ ಕೇಳಲು ನಾಚುತ್ತಾರೆ ಎಂಬುದೆಲ್ಲ ಮೇಷ್ಟ್ರಾದ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಹೋದ ವರ್ಷ ಮೂರನೇ ತರಗತಿಯ ಕಾವ್ಯಶ್ರೀ ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಎಲ್ಲ ತೆಗೆದುಕೊಳ್ಳುವುದನ್ನು ಬಿಟ್ಟಳು. ಬಿಡದೆ ಸೀನುತ್ತಿದ್ದ ಅವಳಿಗೆ ಮನೆಯವರು ಪೇಟೆಯ ಲ್ಯಾಬೊಂದರಲ್ಲಿ ಅಲರ್ಜಿಯ ರಕ್ತಪರೀಕ್ಷೆ ಮಾಡಿಸಿದ್ದರು. ವರದಿಯಲ್ಲಿ ಈ ಮೂರರ ಮುಂದೆಯೂ 'ಪಾಸಿಟಿವ್' ಎಂದಿತ್ತು. ಹೆದರಿದ ತಾಯಿ ಜಯಾ ಡಾಕ್ಟರಿಗೂ ತೋರಿಸದೆ ಎಲ್ಲ ನಿಲ್ಲಿಸಿದಳು. ಹುಡುಗಿ ಸೊರಗತೊಡಗಿದಳು.

"ಮೊನ್ನೆವರೆಗೂ ಹಾಲು, ಮೊಟ್ಟೆ ತಗೊಂಡ ಹುಡುಗಿ ಮೇಷ್ಟ್ರೇ. ಒಂದಿನ ಮೈ ತುರಿಸಿದ್ದಿಲ್ಲ," ಎಂದು ದ್ಯಾವಮ್ಮ ಪೇಚಾಡಿದರು. ಆದರೂ ಒಂದು ಚೂರೂ ಕೊಡಲಿಲ್ಲ. "ತಾಯಿ ಬೇಡ ಅಂದಮೇಲೆ ನಾ ಕೊಡೂದು ತಪ್ಪು."

ಅದೇ ಹೊತ್ತಿಗೆ ಸಿದ್ದಾಪುರದಲ್ಲಿ ಡಾ. ಮಮತಾ ಎಂಬವರು ಆರೋಗ್ಯವಂತರ ರಕ್ತದಲ್ಲಿ ಅಲರ್ಜಿಯ ಗುರುತು ಎಷ್ಟಿರುತ್ತದೆಂದು ತಿಳಿಯಲು ಶಿಬಿರ ನಡೆಸಿದರು. ಕಾಯಿಲೆ ಇಲ್ಲದವರ ರಕ್ತ ಎಂತಕ್ಕೆ ಎಂದು ಊರವರು ಹಿಂಜರಿದರು. ದ್ಯಾವಮ್ಮ ಬಸ್ಸು ಹತ್ತಿ ಹೋಗಿ ತೋಳು ಚಾಚಿದರು.

ತಿಂಗಳ ನಂತರ ವರದಿ ಬಂತು. ಮೊಟ್ಟೆಗೆ ಪಾಸಿಟಿವ್!

"ಸಣ್ಣಂದಿನಿಂದ ಮೊಟ್ಟೆ ತಿಂದೋಳು ನಾನು. ಇದೆಂತ ಬರದ್ರಿ?" ಎಂದು ದ್ಯಾವಮ್ಮ ಮತ್ತೆ ಸಿದ್ದಾಪುರಕ್ಕೆ ಹೋಗಿ ಡಾಕ್ಟರನ್ನೇ ಕೇಳಿದರು.

ಮಮತಾ ನಕ್ಕರು. "ರಕ್ತದಲ್ಲಿ ಗುರುತು ಇದ್ದಮಾತ್ರಕ್ಕೆ ಅಲರ್ಜಿ ಅಂತಲ್ಲ, ದ್ಯಾವಮ್ಮ. ತಿಂದಾಗ ಮೈಗೆ ಏನಾಗ್ತದೆ ಅನ್ನೋದನ್ನೂ ನೋಡ್ಬೇಕು. ನಿಮ್ಮಂಥ ಗಟ್ಟಿಮುಟ್ಟಾದವರಲ್ಲೂ ಎಷ್ಟೋ ಜನಕ್ಕೆ ಇದು ಇರ್ತದೆ."

ದ್ಯಾವಮ್ಮ ಆ ಕಾಗದ ಹಿಡಿದು ನೇರವಾಗಿ ಜಯಾಳ ಮನೆಗೆ ಹೋದರು. "ನೋಡು ತಂಗಿ, ನಂಗೂ ಹಿಂಗೇ ಬಂದದೆ. ನಾ ಹೇಳ್ದೆ ಅಂತ ಏನೂ ತಿನ್ನಿಸ್ಬೇಡ. ಡಾಕ್ಟರ ಹತ್ರ ಕೇಳುವಾ, ನಾನೂ ಬರ್ತೆ."

ಮಮತಾ ಕಾವ್ಯಶ್ರೀಯನ್ನು ಇಡೀ ಬೆಳಿಗ್ಗೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು, ಔಷಧ ಸಿದ್ಧವಿಟ್ಟು, ಮೊಟ್ಟೆಯನ್ನು ಚೂರುಚೂರಾಗಿ ತಿನ್ನಿಸಿದರು. ಜಯಾ ಮಗಳ ಮುಖದಿಂದ ಕಣ್ಣು ಕೀಳಲಿಲ್ಲ. ದ್ಯಾವಮ್ಮ ಜಯಾಳ ಕೈ ಬಿಡಲಿಲ್ಲ. ಏನೂ ಆಗಲಿಲ್ಲ. ಮುಂದಿನ ವಾರ ಹಾಲೂ ದಕ್ಕಿತು.

ಶೇಂಗಾ ಕೊಟ್ಟ ದಿನ ಮಾತ್ರ ತುಟಿ ಊದಿ, ಕೆನ್ನೆಯಲ್ಲಿ ದದ್ದು ಎದ್ದವು. ಡಾಕ್ಟರು ಕೂಡಲೇ ಔಷಧ ಕೊಟ್ಟರು. ಶೇಂಗಾ ಬೇಡವೇ ಬೇಡ ಎಂದರು. ಆಗ ದ್ಯಾವಮ್ಮನಿಗೆ ನೆನಪಾಯಿತು: ಈ ಹುಡುಗಿ ಚಿಕ್ಕಿಯನ್ನು ಯಾವಾಗಲೂ ಪಕ್ಕದವಳಿಗೆ ಕೊಟ್ಟುಬಿಡುತ್ತಿದ್ದಳು. "ದೇವ್ರೇ, ತಾಯಿ ಮಾತು ಮೀರಿ ನಾನೇ ತಿನ್ನಿಸಿದ್ರೆ!" ಎಂದರು.

ಈಗ ಕಾವ್ಯಶ್ರೀ ಮೈಕೈ ತುಂಬಿಕೊಂಡಿದ್ದಾಳೆ. ಚಿಕ್ಕಿ ಹಂಚುವ ದಿನ ದ್ಯಾವಮ್ಮ ಅವಳಿಗೊಂದು ಬಾಳೆಹಣ್ಣು ತೆಗೆದಿಟ್ಟಿರುತ್ತಾರೆ.