ನೀರಿನ ಇಳಿಜಾರು

ನನ್ನ ಕೆಲಸ ಏನೆಂದು ಜನರಿಗೆ ತಿಳಿಸಿ ಹೇಳುವುದೇ ಒಂದು ದೊಡ್ಡ ಕೆಲಸ. ಮಳೆನೀರು ಎಲ್ಲಿ ನೆಲಕ್ಕಿಳಿದು ಯಾವ ಬಾವಿ ಸೇರುತ್ತದೆ ಎಂದು ಹುಡುಕುತ್ತೇನೆ. ಆ ಜಾಗದ ಸುತ್ತ ನಕಾಶೆಯಲ್ಲಿ ನೀಲಿ ಗೆರೆ ಎಳೆಯುತ್ತೇನೆ. ಗೆರೆಯ ಒಳಗೆ ಹೊಲಸು ಸುರಿಯಬಾರದು, ಅಷ್ಟೇ. ಆದರೆ ಸೇಡಂನಿಂದ ಚಿಂಚೋಳಿಯವರೆಗೆ ಯಾವ ಊರಿನಲ್ಲಿ ಜೀಪು ನಿಲ್ಲಿಸಿದರೂ ಒಂದೇ ಪ್ರಶ್ನೆ: "ಬೋರಿಗೆ ಪಾಯಿಂಟ್ ತೋರಸ್ತೀರೇನ್ರಿ?" ಸೇಡಂ ಹತ್ತಿರದ ಮುಧೋಳದಲ್ಲಿ ಒಬ್ಬರು ನನ್ನ ಅಂಗೈ ಮೇಲೆ ತೆಂಗಿನಕಾಯಿಯನ್ನೇ ಇಟ್ಟುಬಿಟ್ಟರು. ಕಾಯಿ ಎದ್ದು ನಿಂತಲ್ಲಿ ನೀರು ಇರುತ್ತದಂತೆ. ನಾನು ಮೊದಲೇ ಸಿಡುಕಿ. "ಇದನ್ನ ಒಯ್ದು ಚಟ್ನಿ ಮಾಡ್ರಿ" ಎಂದು ತಿರುಗಿ ಕೊಟ್ಟಿದ್ದೆ.

ಓದಿದವಳೆಂಬ ಆ ಸೊಕ್ಕು ಭಂಕೂರಿನ ಆಚೆಯ ಒಂದು ಸಣ್ಣ ಊರಿನಲ್ಲಿ ಇಳಿಯಿತು.

ಆ ಊರಿನ ಬೋರ್‌ಗಳ ನೀರೆಲ್ಲ ಸವಳು. ಕುಡಿಯಲು ಇರುವುದು ಒಂದೇ ಸಿಹಿನೀರಿನ ಬಾವಿ. ಊರ ಹೊರಗೆ ಕೆಲಸ ನಿಂತು ವರ್ಷಗಳಾದ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯೊಂದಿದೆ, ಮಳೆನೀರು ತುಂಬಿಕೊಂಡು ಹಸಿರಾಗಿ ನಿಂತಿರುತ್ತದೆ. ಸುತ್ತಲಿನ ಊರುಗಳ ಕಸವನ್ನೆಲ್ಲ ಅದಕ್ಕೆ ಸುರಿದು ಮುಚ್ಚಬೇಕೆಂದು ಪಂಚಾಯಿತಿಯ ಯೋಚನೆ. ಖಣಿ ಗೆರೆಯ ಒಳಗೋ ಹೊರಗೋ ಎಂದು ನನ್ನನ್ನು ಕೇಳಿದರು. ನಾನು ನೆಲ ನೋಡಿದೆ. ಬಾವಿ ದಿಬ್ಬದ ಮೇಲೆ, ಖಣಿ ತಗ್ಗಿನಲ್ಲಿ. ತಗ್ಗಿನ ನೀರು ದಿಬ್ಬ ಹತ್ತುವುದುಂಟೇ? ಖಣಿಯನ್ನು ಹೊರಗೆ ಬಿಟ್ಟು ಗೆರೆ ಎಳೆದೆ, ಸಹಿ ಹಾಕಿದೆ. ಸೋಮವಾರದಿಂದ ಕಸದ ಟ್ರ್ಯಾಕ್ಟರ್‌ಗಳು ಬರುತ್ತವೆ ಎಂದು ಅಧ್ಯಕ್ಷರು ಖುಷಿಯಾದರು.

ಬಾವಿಯ ಪಕ್ಕದ ಮನೆಯಲ್ಲಿ ಒಬ್ಬ ಆಯಿ ಇದ್ದಳು. ಹರೆಯವೆಲ್ಲ ಆ ಖಣಿಯಲ್ಲೇ ಕಲ್ಲು ಒಡೆದ ಮುದುಕಿ. ನಾನು ಅಳತೆಗೆಂದು ಬಾವಿಗೆ ಟೇಪು ಬಿಟ್ಟ ಮೊದಲ ದಿನವೇ ಒಂದು ಕತೆ ಹೇಳಿದ್ದಳು. ಹಿಂದೆ ಈ ಬಾವಿ ತಿಂಗಳಿಡೀ ತಳ ಕಾಣುತ್ತಿತ್ತು, ಅಮಾವಾಸ್ಯೆಯ ಮರುದಿನ ಮಾತ್ರ ನೀರು ಏರಿರುತ್ತಿತ್ತು. "ಅಮಾಸಿಗೆ ಗಂಗವ್ವ ಬರ್ತಾಳ ಯವ್ವಾ" ಎಂದಿದ್ದಳು. ಅದಕ್ಕೇ ಇವತ್ತಿಗೂ ಪಾಡ್ಯದ ದಿನ ಹೆಂಗಸರು ಬಾವಿಗೆ ಅಕ್ಕಿ, ಕೊಬ್ಬರಿ ಇಟ್ಟು ಉಡಿ ತುಂಬುತ್ತಾರೆ. ನಾನು ನಕ್ಕುಬಿಟ್ಟಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಲೂ ಇಲ್ಲ.

ಸಹಿ ಹಾಕಿದ ಶನಿವಾರ ಹೊರಡುವ ಮುಂಚೆ ಆಯಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದೆ.

"ಖಣಿ ಮುಚ್ಚತಾರಂತಲ್ಲ. ನನ್ನ ಜನ್ಮೆಲ್ಲ ಅಲ್ಲೇ ಹೋತು" ಎಂದಳು. "ತಿಂಗಳಿಗಿ ಒಂದೇ ಸೂಟಿ, ಅಮಾಸಿಗಿ. ಅವತ್ತ ಯಾರೂ ಸುತ್ತಿಗಿ ಮುಟ್ಟತಿರಲಿಲ್ಲ. ನೀರ ಎತ್ತಿ ಹೊರಗ ಹಾಕೋ ಇಂಜಿನ್ ಸುದ್ದಾ ಬಂದ್."

ನಾನು ಚಹಾದ ಕಪ್ ಕೆಳಗಿಟ್ಟೆ. "ಆಯಿ, ಇಂಜಿನ್ ಬಂದ್ ಇದ್ದ ದಿನಾನೇ ಬಾವಿಗೆ ನೀರ ಬರ್ತಿತ್ತೇನು?"

"ಇಂಜಿನ್ನಿಗೂ ಗಂಗವ್ವಗೂ ಏನ್ ಸಂಬಂಧ?" ಎಂದು ಆಯಿ ನನ್ನನ್ನೇ ಪೆದ್ದಿಯೆಂಬಂತೆ ನೋಡಿದಳು.

ಚಹಾ ಅಲ್ಲೇ ಬಿಟ್ಟು ಎದ್ದೆ. ಖಣಿಯ ನೀರು ಹೊರಗೆ ಹಾಕಿದಾಗೆಲ್ಲ ಬಾವಿ ಬತ್ತುತ್ತಿತ್ತೆಂದರೆ ಎರಡಕ್ಕೂ ಒಳಗೊಳಗೇ ದಾರಿ ಇದೆ. ಮಟ್ಟ ಅಳೆಯುವ ಯಂತ್ರ ಹೂಡಿ ಸಂಜೆಯವರೆಗೆ ಎರಡೆರಡು ಸಲ ನೋಡಿದೆ. ದಿಬ್ಬದ ಮೇಲಿದ್ದರೂ ಬಾವಿ ಆಳ. ಅದರ ನೀರು ಖಣಿಯ ನೀರಿಗಿಂತ ಒಂದು ಮೊಳ ಕೆಳಗಿತ್ತು. ಖಣಿಯ ನೀರೇ ಕಲ್ಲಿನ ಪದರುಗಳ ಸಂದಿಯಲ್ಲಿ ಹರಿದು ಬಾವಿಗೆ ಬರುತ್ತಿತ್ತು. ನಾನು ನೆಲದ ಇಳಿಜಾರು ನೋಡಿದ್ದೆ, ನೀರಿನ ಇಳಿಜಾರು ನೋಡಿರಲಿಲ್ಲ. ಸೋಮವಾರ ಕಸ ಬಿದ್ದರೆ ಇಡೀ ಊರು ಅದರ ರಸ ಕುಡಿಯುತ್ತಿತ್ತು, ಅದೂ ನನ್ನ ಸಹಿಯಿಂದ. ನಾಚಿಕೆಯಿಂದ ಮೈ ಹಿಡಿಯಾಯಿತು.

ಭಾನುವಾರ ಬೆಳಿಗ್ಗೆಯೇ ಗೆರೆ ತಿದ್ದಿದ ನಕಾಶೆ ಹಿಡಿದು ಅಧ್ಯಕ್ಷರ ಮನೆಗೆ ಹೋದೆ. ಅವರು ನಕಾಶೆ ನೋಡಿದರು, ನನ್ನನ್ನು ನೋಡಿದರು.

"ನಿನ್ನಿ ಹೊರಗಿತ್ತು, ಇವತ್ತ ಒಳಗ ಬಂತೇನ್ರಿ ಮೇಡಂ? ಖಣಿಗಿ ಕಾಲ ಬಂದಾವೇನು?"

"ಖಣಿಗಿ ಕಾಲ ಬಂದಿಲ್ರಿ, ನನಗ ಬುದ್ಧಿ ಬಂದದ. ತಪ್ಪ ನಂದೇ."

ಬೈಯುತ್ತಾರೆಂದುಕೊಂಡಿದ್ದೆ. ಅವರು ಬಾವಿಗೆ ನನ್ನ ಜೊತೆ ಬಂದು, ಅಮಾವಾಸ್ಯೆಯ ಮಾತನ್ನು ಆಯಿಯ ಬಾಯಿಂದಲೇ ಇನ್ನೊಮ್ಮೆ ಹೇಳಿಸಿ, ಕೊಡದಿಂದ ಒಂದು ಚೊಂಬು ನೀರು ಕುಡಿದರು. ಆಮೇಲೆ ಫೋನ್ ತೆಗೆದು, "ನಾಳಿ ಟ್ರ್ಯಾಕ್ಟರ್ ಬ್ಯಾಡ" ಎಂದರು. ಇಟ್ಟ ಮೇಲೆ ನನ್ನತ್ತ ತಿರುಗಿ, "ಮತ್ತ ಕಸ ಏನ್ ನಿಮ್ಮ ಜೀಪಿನ್ಯಾಗ ಹಾಕಲ್ಯಾ?" ಎಂದರು. ನೀರು ಇಳಿಯದ ದಪ್ಪ ಎರೆಮಣ್ಣಿನ ಜಾಗ ಹುಡುಕಿಕೊಡಲು ನನಗೆ ಎರಡು ವಾರ ಹಿಡಿಯಿತು.

ಮುಂದಿನ ಪಾಡ್ಯಕ್ಕೆ ಆಯಿ ಹೇಳಿ ಕಳಿಸಿದಳು. ಹೆಂಗಸರು ಬಾವಿಗೆ ಉಡಿ ತುಂಬಿದರು. ಆದರೆ ಆಯಿ ಅರ್ಧ ಅಕ್ಕಿ, ಅರ್ಧ ಕೊಬ್ಬರಿ ಉಳಿಸಿಕೊಂಡು ಖಣಿಯ ಕಡೆ ನಡೆದಳು. ಎಲ್ಲರೂ ಹಿಂದೆ ಹೋದೆವು. ಗೆರೆಯ ಗುರುತಿಗೆಂದು ನಾನು ಸುಣ್ಣ ಬಳಿಸಿದ್ದ ಕಲ್ಲುಗಳು ಖಣಿಯ ಸುತ್ತ ಸಾಲಾಗಿದ್ದವು.

"ಇಷ್ಟ ವರ್ಷ ಗಂಗವ್ವಗ ಬರೇ ಗಂಡನ ಮನ್ಯಾಗ ಉಡಿ ತುಂಬಿದ್ವಿ. ಅಕಿ ತವರಮನಿ ಇದು, ನಮಗ ಗೊತ್ತೇ ಇರಲಿಲ್ಲ" ಎಂದಳು. ನಾನು ದೂರ ನಿಂತು ನೋಡುತ್ತಿದ್ದೆ. ಅರಿಷಿಣದ ಬಟ್ಟಲನ್ನು ನನ್ನ ಕೈಗೇ ತುರುಕಿದಳು. "ಗೆರಿ ಎಳದಾಕಿ ನೀನು. ಹಚ್ಚಾಕಿನೂ ನೀನೇ."

ಮುಧೋಳದಲ್ಲಿ ಕಾಯಿ ತಿರುಗಿ ಕೊಟ್ಟವಳು ಇಲ್ಲಿ ಬಟ್ಟಲು ತಿರುಗಿ ಕೊಡಲಿಲ್ಲ. ಮೊದಲನೆಯ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒದ್ದೆ ಬೆರಳಿನಿಂದ ಅರಿಷಿಣ ಹಚ್ಚಿದೆ.