ಫೋನ್ ಮೇಡಮ್ಮ ಮತ್ತು ನಾಲ್ಕನೇ ಜ್ವರ

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿ ಜಡ್ಡುಗಟ್ಟಿತ್ತು. ದಿನವೆಲ್ಲ ಫೋನಿನ ಗುಂಡಿ ಒತ್ತಿ ಒತ್ತಿ ಆದದ್ದು. ನನ್ನ ಹೆಬ್ಬೆರಳು ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬಿಡಿಸಿ ಕಪ್ಪಾಗಿತ್ತು. ಮೊದಲ ದಿನವೇ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, “ಇಬ್ಬರೂ ಹೆಬ್ಬೆರಳನ್ನೇ ನಂಬಿ ಬದುಕೋರು ಬಿಡಿ ಅಮ್ಮ” ಎಂದು ನಕ್ಕಿದ್ದರು.

ನಾವು ಅವರನ್ನು ಫೋನ್ ಮೇಡಮ್ಮ ಎನ್ನುತ್ತಿದ್ದೆವು. ಮಂಡ್ಯದ ಕಡೆಯವರು. ಗಂಡನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ. ಇವರು ಒಂದು ಟೈಲರ್ ಅಂಗಡಿಯ ಮೇಲಿನ ರೂಮಿನಲ್ಲಿ ಇನ್ನಿಬ್ಬರ ಜೊತೆ ಕೂತು, ದೊಡ್ಡ ಪರದೆಯ ಫೋನುಗಳೊಳಗೆ ಓಡುವಂಥದ್ದನ್ನು ಬರೆಯುತ್ತಿದ್ದರು. ಕಂಪನಿಯವರಿಗೆ ಗೋಡೌನಿನ ಸಾಮಾನು ಗುರುತು ಹಾಕಿಕೊಳ್ಳಲು ಒಂದು, ಮನೆಮಂದಿಗೆ ಪಂಚಾಂಗ ನೋಡಲು ಇನ್ನೊಂದು, ಹೀಗೆ. ಅದಕ್ಕೆ ಅಪ್ಲಿಕೇಶನ್ ಎಂದು ಹೆಸರಂತೆ. ನಮಗೆ ಅಪ್ಲಿಕೇಶನ್ ಎಂದರೆ ತಾಲ್ಲೂಕು ಆಫೀಸಿನಲ್ಲಿ ಕೊಡುವ ಅರ್ಜಿ. ಹಾಗಾಗಿ ನಾವು ಪ್ರೋಗ್ರಾಂ ಎಂದೇ ಅಂದೆವು.

ಕೆಲಮಂಗಲದಿಂದ ಎರಡು ಮೈಲಿ ನಮ್ಮೂರು. ನಾವು ರೇಷ್ಮೆ ಹುಳ ಸಾಕುವವರು. ನಮಗೆ ಮರಿಹುಳ ಕೊಡುತ್ತಿದ್ದ ಚಾಕಿ ಸಾಹುಕಾರರು, ರೈತರಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವುದನ್ನು ಜ್ಞಾಪಿಸುವ ಪ್ರೋಗ್ರಾಂ ಬೇಕೆಂದು ಇವರಿಗೆ ಹೇಳಿದ್ದರು. “ಹುಳಾನೇ ನೋಡದೆ ಹೇಗೆ ಬರೀಲಿ ಸಾರ್?” ಎಂದು ಕೇಳಿ, ಬಸ್ಸು ಹತ್ತಿ ನಮ್ಮ ಮನೆಗೆ ಬಂದರು.

ಬಂದಾಗ ಮುಡಿಯಲ್ಲಿ ಮಲ್ಲಿಗೆ, ಮುಖಕ್ಕೆ ಘಮಘಮ ಪೌಡರು. ನಾನು ಬಾಗಿಲಲ್ಲೇ ತಡೆದೆ.

“ಹೂವ ತಗ್ದು ಆ ಗೂಟಕ್ಕೆ ಸಿಗಾಕಿ, ಮುಖ ಕಾಲು ತೊಳ್ಕಂಡು ಬಾ ತಾಯಿ. ನಮ್ಮ ಹುಳಕ್ಕೆ ವಾಸನೆ ಆಗಲ್ಲ.”

ಬೇರೆಯವರಾಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಇವರು ತೊಳೆದುಕೊಂಡು ಬಂದು, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು, ಮಧ್ಯಾಹ್ನದವರೆಗೆ ಸುಮ್ಮನೆ ನೋಡಿದರು. ಆಗಾಗ ಬಸ್ ಟಿಕೇಟಿನ ಹಿಂಬದಿಯಲ್ಲಿ ಏನೋ ಗೀಚಿಕೊಳ್ಳುತ್ತಿದ್ದರು. ಆಮೇಲೆ ಬಂದಾಗಲೆಲ್ಲ ಹೂವಿಲ್ಲ, ಪೌಡರಿಲ್ಲ.

ಮೂರನೇ ಸಲ ರಟ್ಟಿನ ಫೋನು ತಂದರು. ಸೀರೆ ಡಬ್ಬದ ರಟ್ಟನ್ನು ಫೋನಿನ ಅಳತೆಗೆ ಕತ್ತರಿಸಿ, ನಡುವೆ ಕಿಟಕಿ ಬಿಟ್ಟು, ಅದರೊಳಗೆ ಚೀಟಿ ಜಾರಿಸುವಂತೆ ಮಾಡಿದ್ದರು. ಚೀಟಿಯ ಮೇಲೆ ಎಲೆ, ಹುಳ, ಗಂಟೆಯ ಚಿತ್ರ. ಅಕ್ಷರವಿಲ್ಲ. ಆ ಕಾಲದ ಫೋನುಗಳಲ್ಲಿ ಕನ್ನಡ ಬರೆದರೆ ಅಕ್ಷರದ ಬದಲು ಬರೀ ಡಬ್ಬಿ ಡಬ್ಬಿ ಕಾಣುತ್ತಿತ್ತಂತೆ. ಮೂರನೇ ಕ್ಲಾಸಿಗೇ ಬಿಟ್ಟ ನನಗೆ ಅದೇ ಒಳ್ಳೆಯದಾಯಿತು. ನಾನು ಎಲೆ ಒತ್ತಿದರೆ ಅವರು ಇನ್ನೊಂದು ಚೀಟಿ ಜಾರಿಸಿ, “ಈಗ ಫೋನು ಇದನ್ನ ತೋರಿಸ್ತು ಅಂದ್ಕೊಳ್ಳಿ” ಎನ್ನುತ್ತಿದ್ದರು.

ನಮ್ಮ ಯಜಮಾನರಿಗೆ ನಗುವೋ ನಗು. “ಏನಮ್ಮೀ, ಮೊಮ್ಮಗು ಬರೋ ಹೊತ್ನಾಗೆ ನೀನು ಬೊಂಬೆಯಾಟ ಕಲ್ತುಬುಟ್ಟೆ?”

ನನಗೆ ನಾಚಿಕೆಯಾಗಿ ಬೆರಳು ತಡವರಿಸಿತು. ಮೇಡಮ್ಮ ಆ ಚೀಟಿಯನ್ನು ತೆಗೆದು ಹರಿದೇ ಬಿಟ್ಟರು.

“ಯಾಕೆ ಹರಿದೆ ತಾಯಿ? ನಂಗೆ ಗೊತ್ತಾಗ್ಲಿಲ್ಲ ಅಷ್ಟೇಯಾ.”

“ನೀವು ಎಲ್ಲಿ ತಡವರಿಸ್ತೀರೋ ಅಲ್ಲಿ ನನ್ನ ತಪ್ಪು ಇದೆ ಅಮ್ಮ. ನಿಮ್ಮದಲ್ಲ.”

ನನ್ನ ಜನ್ಮದಲ್ಲಿ ಅಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ತಡವರಿಸಿದರೆ ಗೆಣ್ಣಿನ ಮೇಲೆ ಏಟು ಬೀಳುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೆ ಜಗಳ. ಹುಳ ಮೈಚರ್ಮ ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕು ಸಲ ಬರುತ್ತದೆ. ಹೆಚ್ಚುಕಡಿಮೆ ಎಲ್ಲವೂ ಜ್ವರ ಬಿಟ್ಟು ಎದ್ದ ಮೇಲೇ ಸೊಪ್ಪು ಹಾಕಬೇಕು. ಮುಂಚೆ ಹಾಕಿದರೆ ಎದ್ದವು ತಿಂದು ಬೆಳೆಯುತ್ತವೆ, ಕೂತವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ. ಅಲ್ಲಿಗೆ ಬೆಳೆ ಕೆಟ್ಟಂತೆ. ಇವರ ಪ್ರೋಗ್ರಾಮೋ, ಜ್ವರಕ್ಕೆ ಕೂತ ಹೊತ್ತು ಹೇಳಿದರೆ ಇಷ್ಟು ಗಂಟೆಗೆ ಏಳುತ್ತದೆ ಎಂದು ಲೆಕ್ಕ ಹಾಕಿ ಬೆಲ್ಲು ಹೊಡೆಯುತ್ತಿತ್ತು.

“ಹುಳ ಏನು ವಾಚು ಕಟ್ಕಂಡು ಹುಟ್ಟಿದ್ದಾವಾ?” ಎಂದು ನಾನು ರೇಗಿದೆ. “ಚಳಿ ಬಿದ್ರೆ ತಡ, ಸೆಕೆ ಆದ್ರೆ ಬೇಗ.”

“ಸಾಹುಕಾರರು ಬೆಲ್ಲೇ ಬೇಕು ಅಂತಾರಮ್ಮ. ಸಾಮಾನ್ಯವಾಗಿ ಸರಿ ಹೋಗುತ್ತೆ,” ಎಂದರು. ಆದರೂ ಎದ್ದ ಹುಳವನ್ನು ಗುರುತಿಸುವುದು ಹೇಗೆಂದು ಕೇಳಿ ಕಲಿತರು. ಎದ್ದದ್ದರ ತಲೆ ದಪ್ಪ, ಆ ಕಡೆ ಈ ಕಡೆ ಆಡಿಸುತ್ತದೆ. ಕೂತದ್ದರ ತಲೆ ಚಿಕ್ಕದು, ಆಡುವುದಿಲ್ಲ.

ಆ ಬೆಳೆಯ ಹುಳ ನಾಲ್ಕನೇ ಜ್ವರಕ್ಕೆ ಕೂತ ಮಾರನೆಯ ಬೆಳಿಗ್ಗೆ, ಚೊಚ್ಚಲ ಹೆರಿಗೆಗೆ ಬಂದಿದ್ದ ನನ್ನ ಮಗಳಿಗೆ ನೋವು ಶುರುವಾಯಿತು. ಇನ್ನೂ ಎರಡು ವಾರ ಇದೆ ಎಂದಿದ್ದರು. ಅಳಿಯ ಹೊಸೂರಿನಿಂದ ವ್ಯಾನು ತಂದ. ಮಗಳು ನನ್ನ ಸೆರಗು ಬಿಡಳು. “ಅವ್ವಾ, ನೀನು ಬರ್ದಿದ್ರೆ ನಾನೂ ಹೋಗಕಿಲ್ಲ.” ಒಳಗೆ ಮನೆ ತುಂಬ ಹುಳ. ಯಜಮಾನರಿಗೆ ಕಣ್ಣಲ್ಲಿ ಪೊರೆ. ಸೊಪ್ಪು ಕೊಯ್ದು ತರಬಲ್ಲರು, ಹುಳದ ತಲೆ ಕಾಣುವುದಿಲ್ಲ. ನಾನು ಅಂಗಳದಲ್ಲಿ ಅತ್ತ ಒಂದು ಹೆಜ್ಜೆ ಇತ್ತ ಒಂದು ಹೆಜ್ಜೆ ಹಾಕುತ್ತಿದ್ದೆ.

ಆ ಹೊತ್ತಿಗೇ ಬೆಳಗಿನ ಬಸ್ಸಿಳಿದು ಮೇಡಮ್ಮ ಬಂದರು. ಅವತ್ತು ಸಾಹುಕಾರರು ಪ್ರೋಗ್ರಾಂ ನೋಡಲು ಬರುವವರಿದ್ದರು. ಒಪ್ಪಿದರೆ ಊರೂರಿನ ರೈತರಿಗೆ ಕೊಡುವುದೆಂದು ಮಾತು. ಅವರಿಗೂ ಅದು ದೊಡ್ಡ ದಿನವೇ.

“ವ್ಯಾನು ಹತ್ತಿ ಅಮ್ಮ. ನಾನಿರ್ತೀನಿ.”

“ಬೆಲ್ಲು ಕೇಳ್ಬೇಡ, ಹುಳ ನೋಡು ತಾಯಿ,” ಎಂದಷ್ಟೇ ಹೇಳಿ ಹತ್ತಿದೆ.

ಅಲ್ಲಿ ನಡೆದದ್ದನ್ನು ಯಜಮಾನರು ಆಮೇಲೆ ಹತ್ತಾರು ಸಲ ಹೇಳಿದ್ದಾರೆ. ಮಧ್ಯಾಹ್ನ ಸಾಹುಕಾರರು ಇಬ್ಬರನ್ನು ಕರೆದುಕೊಂಡು ಬಂದರಂತೆ. ಸರಿಯಾದ ಹೊತ್ತಿಗೆ ಬೆಲ್ಲು ಹೊಡೆಯಿತು, ಪರದೆ ಮೇಲೆ ಹಸಿರು ಎಲೆ ಬಂತು. ಸಾಹುಕಾರರು ಹಿಗ್ಗಿ, “ಹಾಕಪ್ಪ ಸೊಪ್ಪು” ಎಂದರು. ಯಜಮಾನರು ಬುಟ್ಟಿ ಎತ್ತಿದರು.

ಮೇಡಮ್ಮ ಬುಟ್ಟಿಗೆ ಕೈ ಅಡ್ಡ ಇಟ್ಟರು. “ಬೇಡಿ. ಇನ್ನೂ ಅರ್ಧಕ್ಕರ್ಧ ಎದ್ದಿಲ್ಲ.” ಆ ವಾರ ಚಳಿ ಹೆಚ್ಚಿತ್ತು.

“ಏನಮ್ಮಾ, ನೀನೇ ಮಾಡಿದ ಬೆಲ್ಲು ನೀನೇ ಕೇಳಲ್ಲ ಅಂದ್ರೆ ರೈತ ಕೇಳ್ತಾನಾ?”

“ಬೆಲ್ಲು ತಪ್ಪು ಹೊಡೀತು ಸಾರ್. ನನ್ನ ತಪ್ಪು.”

ಜೊತೆಯವರ ಮುಂದೆ ಸಾಹುಕಾರರಿಗೆ ಅವಮಾನವಾಯಿತು. ಹೊರಟೇಹೋದರು. ಮೇಡಮ್ಮ ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿ, ಅದೇ ಬೋರಲು ಬುಟ್ಟಿಯ ಮೇಲೆ ಕೂತು, ಹುಳ ಸಾಕುವ ತಟ್ಟೆಯಿಂದ ತಟ್ಟೆಗೆ ತಲೆಗಳನ್ನು ನೋಡುತ್ತಾ ಇದ್ದರಂತೆ. ಬೆಲ್ಲು ಮತ್ತೆ ಮತ್ತೆ ಹೊಡೆಯಿತು. ಕೊನೆಗೆ ಅವರೇ ಫೋನಿನ ಬಾಯಿ ಮುಚ್ಚಿಸಿದರು.

ನನ್ನ ಮೊಮ್ಮಗಳು ಹುಟ್ಟಿದ್ದು ದೀಪ ಹಚ್ಚುವ ಹೊತ್ತಿಗೆ. ಮುಷ್ಟಿ ಬಿಗಿದುಕೊಂಡು, ಕೆಂಪಗೆ, ಆಸ್ಪತ್ರೆಗೆಲ್ಲ ಕೇಳುವ ಹಾಗೆ ಕೂಗುತ್ತಾ ಬಂದಳು. ನರ್ಸಮ್ಮ ಬಟ್ಟೆ ಸುತ್ತಿ ಮೊದಲು ಕೊಟ್ಟದ್ದು ನನ್ನ ಕೈಗೆ. ಅವಳ ವಿಷಯ ಹೇಳಲು ಕೂತರೆ ನಿಲ್ಲಿಸಲಾರೆ. ಕಿವಿಯಂತೂ ಹಿಪ್ಪುನೇರಳೆ ಚಿಗುರಿನ ಹಾಗಿತ್ತು, ಅಷ್ಟು ಹೇಳಿ ಸುಮ್ಮನಾಗುತ್ತೇನೆ. ಅಳಿಯನ ಫೋನಿನಿಂದ ಮನೆಯ ವೈರಿನ ಫೋನಿಗೆ ಮಾಡಿಸಿದೆ. ಎತ್ತಿದ್ದು ಮೇಡಮ್ಮ.

“ಹೆಣ್ಣು ಮಗು ಕಣಮ್ಮ. ಇಬ್ರೂ ಚೆಂದಾಗವ್ರೆ.”

“ಅಜ್ಜೀ,” ಎಂದರು ಆ ಕಡೆಯಿಂದ. ಅಲ್ಲಿಯವರೆಗೆ ಅವರು ನನ್ನನ್ನು ಅಮ್ಮ ಎನ್ನುತ್ತಿದ್ದವರು. “ಅಜ್ಜೀ, ಇಲ್ಲೂ ಎಲ್ಲಾ ಎದ್ದವು. ಈಗಷ್ಟೇ ಸೊಪ್ಪು ಹಾಕ್ತಿದೀವಿ.”

ಫೋನಿನಲ್ಲಿ ಸಣ್ಣ ಮಳೆಯಂಥ ಸದ್ದು ಕೇಳಿದ ಹಾಗಾಯಿತು. ಹುಳ ಸೊಪ್ಪು ತಿನ್ನುವ ಸದ್ದು. ನಿಜವಾಗಿ ಕೇಳಿತೋ, ನನ್ನ ಕಿವಿಗೆ ಬೇಕಾಗಿತ್ತೋ, ಗೊತ್ತಿಲ್ಲ.

ಆ ಸಲದ ಗೂಡು ಒಂದೇ ಸಮ, ಒಂದೇ ಗಾತ್ರ. ಆದರೆ ಸಾಹುಕಾರರು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಮೇಡಮ್ಮ ಬಾಣಂತಿ ನೋಡಲು ಬಂದಾಗ ಅದನ್ನು ಬಸ್ಸು ತಪ್ಪಿದ ಸುದ್ದಿಯ ಹಾಗೆ ಹೇಳಿದರು. ಆದರೂ ಪ್ರೋಗ್ರಾಂ ತಿದ್ದಿ ತಂದಿದ್ದರು. ಈಗ ಅದು ಎಲೆ ತೋರಿಸುವ ಮುಂಚೆ ಎರಡು ಹುಳ ತೋರಿಸುತ್ತಿತ್ತು. ಒಂದು ಕೂತದ್ದು, ಒಂದು ತಲೆ ಆಡಿಸುವುದು. ಇನ್ನೂ ಕೂತಿವೆಯೋ, ಎಲ್ಲಾ ಎದ್ದವೋ ಎಂದು ನಾನು ಒತ್ತಿ ಹೇಳಬೇಕು. ಆಮೇಲೇ ಎಲೆ. ತಮ್ಮ ಹಳೆಯ ಫೋನಿಗೇ ಅದನ್ನು ಹಾಕಿ ನನಗೆ ಕೊಟ್ಟರು. ಎರಡು ವರ್ಷ ನಡೆಯಿತು. ಒಂದು ದಿನವೂ ನನ್ನ ಬೆರಳು ತಡವರಿಸಲಿಲ್ಲ.

ಗಂಡನಿಗೆ ವರ್ಗವಾಗಿ ಮೇಡಮ್ಮ ಪುಣೆಯ ಕಡೆ ಹೋದರು. ನಂಬರು ಬದಲಾಯಿತು. ಆ ಫೋನೂ ಕೆಟ್ಟಿತು. ರಟ್ಟಿನ ಫೋನು ಮಾತ್ರ ಮೂಲೆ ಸವೆದು ಇನ್ನೂ ಇದೆ. ಅದೀಗ ಮೊಮ್ಮಗಳದು. ಅವಳು ಹುಟ್ಟಿದ ದಿನದ ಕತೆಯನ್ನು ಅಷ್ಟು ಸಲ ಕೇಳಿದ್ದಾಳೆ. ಬೆಳಿಗ್ಗೆ ನಾನು ಹುಳದ ಮನೆಯಲ್ಲಿದ್ದರೆ ಕಾಲು ತೊಳೆದುಕೊಂಡು ಬಾಗಿಲಿಗೆ ಬಂದು ನಿಂತು, ರಟ್ಟನ್ನು ಕಿವಿಗೆ ಹಿಡಿದು ಕೂಗುತ್ತಾಳೆ:

“ಅಜ್ಜೀ, ಎಲ್ಲಾ ಎದ್ದವಾ?”

ನಾನು ತಟ್ಟೆಗಳನ್ನು ಒಂದು ಸಲ ನೋಡಿಯೇ ಉತ್ತರ ಹೇಳುತ್ತೇನೆ.